ತಾಮ್ರ ಬೆರೆಸದ ಬಿಲ್ಲೆ

ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂದೇ ನಾನು ತಿಳಿದಿದ್ದೆ. ಲ್ಯಾಬಿನಲ್ಲಿ ಏನಾದರೂ ಎಡವಟ್ಟಾದರೆ, ಒಂದೋ ಪುಡಿಗೆ ತೇವ ತಗುಲಿರುತ್ತದೆ, ಇಲ್ಲವೇ ಯಾರೋ ಪುಡಿ ಅರೆಯುವ ಖಲಬತ್ತ ಸರಿಯಾಗಿ ತೊಳೆದಿರುವುದಿಲ್ಲ. ದಿನಾ ಪರ್ವರಿಯಿಂದ ಬಸ್ಸಿಗೆ ವಿಶ್ವವಿದ್ಯಾಲಯಕ್ಕೆ ಬಂದು, ಅದೇ ಪುಡಿ ಅರೆದು, ಅದೇ ಫರ್ನೇಸು ಕಾಯ್ದು ದಣಿಯುತ್ತಿದ್ದ ಲ್ಯಾಬ್ ಸಹಾಯಕಿ ನನಗೆ ಅಷ್ಟು ತಿಳುವಳಿಕೆ ಸಾಕಾಗಿತ್ತು.

ಸಾವರ್ಡೆಯ ಬಟ್ಟೆ ಅಂಗಡಿಯವರ ಮಗಳು ಶೋಭಾ ಆಗ ನಮ್ಮಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಒತ್ತಿದರೆ ವಿದ್ಯುತ್ ಕೊಡುವ ಪಿಂಗಾಣಿ ಬಿಲ್ಲೆಗಳನ್ನು ಸೀಸ ಹಾಕದೆ ಮಾಡುವುದು ಅವಳ ಕೆಲಸ. ಪೊಟ್ಯಾಸಿಯಂ, ಸೋಡಿಯಂ, ನಯೋಬಿಯಂ ಕೂಡಿದ ಆ ಪುಡಿಯನ್ನು ಹಾಗೇ ಸುಟ್ಟರೆ ಗಟ್ಟಿಯಾಗುವುದಿಲ್ಲ. ಸುಣ್ಣದ ಹೆಂಟೆಯಂತೆ ಉಳಿದು, ಗೋವಾದ ಗಾಳಿಯ ತೇವ ಕುಡಿದು ಉದುರುತ್ತದೆ. ಚಿಟಿಕೆ ತಾಮ್ರದ ಆಕ್ಸೈಡ್ ಬೆರೆಸಿದರೆ ಕಡಿಮೆ ಕಾವಿನಲ್ಲೇ ಬಿಗಿಯಾಗಿ ಕೂಡಿಕೊಳ್ಳುತ್ತದೆ. ಅವಳ ಇಡೀ ಪ್ರಬಂಧ ನಿಂತದ್ದು ಈ ವ್ಯತ್ಯಾಸದ ಮೇಲೆ.

ಮಳೆಗಾಲದ ಒಂದು ಮಧ್ಯಾಹ್ನ ಹೋಲಿಕೆಗೆಂದು ತಾಮ್ರ ಬೆರೆಸದೆ ಸುಟ್ಟ ಕೊನೆಯ ಬಿಲ್ಲೆಗಳನ್ನು ಫರ್ನೇಸಿನಿಂದ ಹೊರಗೆ ತೆಗೆದೆವು. ಗಟ್ಟಿಯಾಗಿದೆಯೇ ಎಂದು ತಿಳಿಯಲು ಟೈಲ್ಸಿನ ಮೇಲೆ ಬೀಳಿಸಿ ಸಪ್ಪಳ ಕೇಳುವುದು ನಮ್ಮ ರೂಢಿ. ಎಲ್ಲವೂ ಟಪ್ಪೆಂದವು. ಒಂದು ಮಾತ್ರ ಗಂಟೆಯಂತೆ ನುಡಿಯಿತು.

“ಮಾವಶಿ, ಖಲಬತ್ತ ತೊಳದಿದ್ರಿಲ್ರಿ?” ಶೋಭಾ ಕೇಳಿದಳು. ಲ್ಯಾಬಿನ ಹುಡುಗರಿಗೆಲ್ಲ ನಾನು ಮಾವಶಿ, ಅಂದರೆ ಚಿಕ್ಕಮ್ಮ.

“ನಿನ್ನ ಮುಂದನ ತೊಳದೇನಿ. ತಾಮ್ರ ಹತ್ತಿದ್ರ ಎಲ್ಲಾಕ್ಕೂ ಹತ್ತಬೇಕಿತ್ತು, ಒಂದಕ್ಕ ಹೆಂಗ?”

ಸಾಂದ್ರತೆ ತಿಳಿಯಲು ಅದನ್ನು ನೀರಿನಲ್ಲಿ ತೂಗಿ ನೋಡಿದಳು. ತಾಮ್ರ ಬೆರೆಸಿದ್ದಕ್ಕಿಂತಲೂ ಗಟ್ಟಿ. ಸ್ಟೂಲಿನ ಮೇಲೆ ಕುಸಿದು ಕೂತಳು.

“ಇದು ಖರೇ ಆದ್ರ ನಾ ಬರದಿದ್ದೆಲ್ಲಾ ಸುಳ್ಳ ಆಗ್ತದ. ಈ ವರ್ಷ ಮುಗೀಲಿಲ್ಲಂದ್ರ ಅಂಗಡ್ಯಾಗ ಕುಂಡ್ರು ಅಂದಾರ ಅಪ್ಪಾ.”

“ಕುಂಡ್ರು. ನನಗರ ಸೀರಿ ಅಗ್ಗ ಸಿಗ್ತಾವ.”

ಅವಳು ನಗಲಿಲ್ಲ. ಏನಾದರಾಗಲಿ, ನಾಳೆ ತನ್ನ ಗೈಡ್ ಸರ್‌ಗೆ ತೋರಿಸುವುದೇ ಸೈ ಎಂದಳು. ಬಿಲ್ಲೆಯನ್ನು ಒಣಗಿಸಿ, ತೇವ ಹೀರುವ ನೀಲಿ ಹರಳಿದ್ದ ಗಾಜಿನ ಪಾತ್ರೆಯಲ್ಲಿಟ್ಟು, ಅಂಚಿಗೆ ಗ್ರೀಸ್ ಸವರಿ ಮುಚ್ಚಿದೆವು. ಕೋಣೆಗೆ ಬೀಗ ಹಾಕಿದವಳು ನಾನು. ಇದ್ದ ಒಂದೇ ಕೀಲಿ ನನ್ನ ಜೊತೆಗೇ ಮನೆಗೆ ಬಂತು.

ಮರುದಿನ ಸರ್ ಎದುರಿಗೇ ಮುಚ್ಚಳ ಜರುಗಿಸಿದೆ. ಬಿಲ್ಲೆ ದುಂಡಗೆ ಇಟ್ಟಂತೆಯೇ ಇತ್ತು. ಶೋಭಾ ಚಿಮಟ ತಾಗಿಸಿದಳು. ಅದು ವಿಭೂತಿಯಂತೆ ಮೆತ್ತಗೆ ಕುಸಿಯಿತು. ಹರಳು ಇನ್ನೂ ನೀಲಿಯಾಗಿಯೇ ಇತ್ತು, ಎಂದರೆ ಒಳಗೆ ತೇವ ಹೋಗಿರಲಿಲ್ಲ.

ಇಲ್ಲದ ಬಿಲ್ಲೆಯ ಬಗ್ಗೆ ಏನು ಬರೆಯುತ್ತೀ ಎಂದು ಸರ್ ಹೊರಟುಹೋದರು. ಆ ಪುಡಿಯಲ್ಲಿ ತಾಮ್ರ ಹುಡುಕಿಸಿದೆವು, ಸಿಗಲಿಲ್ಲ. ಅದೇ ಪ್ರಕಾರ ಮತ್ತೆ ಮತ್ತೆ ಸುಟ್ಟೆವು, ಬರೀ ಸುಣ್ಣ. ಪ್ರಬಂಧ ಪಾಸಾಯಿತು.

ಪೇಢೆ ಕೊಡಲು ಬಂದವಳು ಬಾಗಿಲಲ್ಲಿ ನಿಂತು ಕೇಳಿದಳು: “ಮಾವಶಿ, ನನ್ನ ಸಲುವಾಗಿ ನೀವ ಬಿಲ್ಲಿ ಬದಲ ಮಾಡಿದ್ರೇನು?”

“ಇಲ್ಲವ್ವ.”

ಅವಳು ತಲೆಯಾಡಿಸಿ, ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಉಪಕಾರ ಮಾಡಿದವರಿಗೆ ಮಾಡುವಂಥ ನಮಸ್ಕಾರ ಅದು. ನಾನು ಏನನ್ನೂ ಮಾಡಿರಲಿಲ್ಲ.