ಗಿಡ್ಡ ಗಾಡಿಯನ್ನು ಎತ್ತುವಾಗ

ಆ ಕಾರು ಹಳದಿ ಬಣ್ಣದ್ದು ಎಂದೇ ನನ್ನ ನೆನಪು. ರಹೀಮ್ ಚಾಚಾ ಕೆಂಪು ಎನ್ನುತ್ತಾರೆ. ಅವರು ಎರಡು ದಿನ ಅದರ ಹೊಟ್ಟೆಯ ಕೆಳಗೆ ನಿಂತವರು, ನಾನು ಒಂದು ಸಂಜೆ ಮಾತ್ರ ನೋಡಿದವಳು. ನ್ಯಾಯವಾಗಿ ಅವರ ಮಾತನ್ನೇ ನಂಬಬೇಕು. ಆದರೂ ಕಣ್ಣು ಮುಚ್ಚಿದರೆ ನನಗೆ ಹಳದಿಯೇ ಕಾಣುತ್ತದೆ. ಬಣ್ಣವನ್ನೇ ಸರಿಯಾಗಿ ಇಟ್ಟುಕೊಳ್ಳಲಾರದ ನೆನಪು ಉಳಿದದ್ದನ್ನು ಹೇಗೆ ಇಟ್ಟುಕೊಂಡಿದೆಯೋ, ನನಗೆ ಅನುಮಾನ. ಇತಿಹಾಸದಲ್ಲಿ ಎಂ.ಎ. ಮಾಡುವಾಗ ಒಂದೇ ಸಾಕ್ಷಿಯನ್ನು ನೆಚ್ಚಿ ಏನನ್ನೂ ಬರೆಯಬೇಡಿ ಎಂದು ನಮಗೆ ಕಲಿಸಿದ್ದರು. ಇಲ್ಲಿ ಬರೆಯುವವಳೂ ನಾನೇ, ಸಾಕ್ಷಿಯೂ ನಾನೇ. ಅದರಲ್ಲೂ, ಇರಬೇಕಾದ ಹೊತ್ತಿನಲ್ಲಿ ಸ್ಥಳದಲ್ಲಿ ಇಲ್ಲದಿದ್ದ ಸಾಕ್ಷಿ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ, ಕಾಕು ಅವನ ಹೆಂಡತಿ. ಕಲಬುರಗಿಯಲ್ಲಿ ಹುಮನಾಬಾದ್ ರಸ್ತೆಗೆ ಅವನ ಗ್ಯಾರೇಜ್ ಇತ್ತು. ರಹೀಮ್ ಚಾಚಾ ಅಲ್ಲಿ ಮೊದಲಿನಿಂದಲೂ ಅವನ ಜೊತೆಗಾರರು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದ್ದು ಆ ಗ್ಯಾರೇಜೇ. ಕಾಕಾನ ಬಲಗೈಯ ನಾಲ್ಕು ಬೆರಳು ಹೋದದ್ದೂ ಆ ಗ್ಯಾರೇಜಿನಲ್ಲೇ, ಆ ಗಿಡ್ಡ ಕಾರಿನಿಂದಲೇ. ಅದರಲ್ಲಿ ನನ್ನ ಪಾಲು ಇದೆಯೋ ಇಲ್ಲವೋ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಬರೆಯಲು ಕೂತಿರುವುದು ಅದಕ್ಕೇ.

ಕಾರು ಹೈದರಾಬಾದಿನವರದು. ಯಾವುದೋ ಮದುವೆಗೆಂದು ಕಲಬುರಗಿಗೆ ಹೊರಟವರು ನಮ್ಮೂರು ಕಮಲಾಪುರದಲ್ಲಿ ರಸ್ತೆಯ ಉಬ್ಬು ಹತ್ತಿಸಿದರು. ಆ ಉಬ್ಬು ಹಾಕಿದವರ ಮನಸ್ಸಿನಲ್ಲಿ ತೊಗರಿ ಚೀಲ ಹೇರಿದ ಟ್ರ್ಯಾಕ್ಟರ್ ಇತ್ತೇ ಹೊರತು, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಹೋಗುವ ಗಾಡಿ ಇರಲಿಲ್ಲ. ಕೆಳಗೆ ಏನೋ ಒಡೆದು ಎಣ್ಣೆ ಸೋರಿತು. ಸುತ್ತ ನೆರೆದ ಊರಿನವರು, ಗಾಡಿ ನೋಡುವ ಆಸೆ ತೀರಿದ ಮೇಲೆ, ಕಲಬುರಗಿಯಲ್ಲಿ ನಮ್ಮ ಊರವನದೇ ಗ್ಯಾರೇಜ್ ಇದೆ, ಕಣ್ಣು ಮುಚ್ಚಿ ಹೋಗಿರಿ ಎಂದು ಕಳಿಸಿದರು. ಊರಿನ ಅಭಿಮಾನ ಹೀಗೂ ಕೆಲಸ ಮಾಡುತ್ತದೆ.

ಆ ಸಂಜೆ ನಾನು ಪಾಠ ಮಾಡುವ ಕಾಲೇಜಿನಿಂದ ಬರುತ್ತ ಗ್ಯಾರೇಜಿಗೆ ಹೋಗಿದ್ದೆ. ಕಾರು ಒಳಗೆ ಬಂದಿತ್ತು. ಅದರ ಮಾಲೀಕ ಬಾಗಿಲಲ್ಲಿ ನಿಂತು ಉಗುರು ಕಚ್ಚುತ್ತಿದ್ದ.

"ಶಿವಣ್ಣಾ, ಇದು ಗಾಡಿ ಅಲ್ಲೊ, ಚಪ್ಪಲ್ ಅದ. ಕಾಲಾಗ ಹಾಕ್ಕೊಂಡು ಹೋಗೂದು," ಎಂದರು ರಹೀಮ್ ಚಾಚಾ.

"ಹಂಗಾರ ಇದರ ಬಾರು ಹರದದ ಅನ್ನು. ಹಲಗಿ ತಾ ಮೊದಲ," ಎಂದ ಕಾಕಾ.

ಎರಡು ಕಂಬದ ಲಿಫ್ಟ್ ಅದು. ಕಂಬಗಳಿಂದ ಹೊರಟ ನಾಲ್ಕು ಕಬ್ಬಿಣದ ತೋಳುಗಳು ಕಾರಿನ ಕೆಳಗೆ ಸರಿದು ಅದನ್ನು ಎತ್ತಬೇಕು. ಈ ಕಾರಿನ ಕೆಳಗೆ ತೋಳು ಸರಿಯುವಷ್ಟು ಜಾಗವೇ ಇರಲಿಲ್ಲ. ಅದಕ್ಕೆ ನಾಲ್ಕು ಬೇವಿನ ಹಲಗೆಗಳನ್ನಿಟ್ಟು, ಕಾರನ್ನು ಕೈಯಿಂದ ತಳ್ಳಿ, ಗಾಲಿಗಳನ್ನು ಅವುಗಳ ಮೇಲೆ ಹತ್ತಿಸಿದರು. ಕಾಕಾ ನೆಲಕ್ಕೆ ಮಲಗಿ, ಬ್ಯಾಟರಿ ಹಿಡಿದು, ಎತ್ತಲು ತಕ್ಕ ನಾಲ್ಕು ಜಾಗಗಳನ್ನು ಹುಡುಕಿದ. ಅಂಚಿನುದ್ದಕ್ಕೂ ಇದ್ದದ್ದು ಪ್ಲಾಸ್ಟಿಕ್. ಅದಕ್ಕೆ ತೋಳು ಕೊಟ್ಟರೆ ಮುರಿಯುತ್ತದೆ. ಗಟ್ಟಿ ಜಾಗ ಅದರ ಮರೆಯಲ್ಲಿ, ಅಂಗೈಯಗಲ ಮಾತ್ರ. ಮೇಲೆ ಇನ್ನೊಂದು ತಾಪತ್ರಯ. ಅವನು ಆಯುಷ್ಯದಲ್ಲಿ ಎತ್ತಿದ್ದೆಲ್ಲ ಮುಂದೆ ಎಂಜಿನ್ ಇರುವ ಕಾರುಗಳು, ಇದರ ಎಂಜಿನ್ ಸೀಟಿನ ಹಿಂದೆ.

"ಆಟೋದ ಅಣ್ಣ ಇದ್ದಂಗ ಅದ," ಎಂದು ಗೊಣಗುತ್ತ ಅವನು ಹಿಂದಿನ ತೋಳುಗಳನ್ನು ಮತ್ತೆ ಮತ್ತೆ ಸರಿಸಿದ.

ಗುಂಡಿ ಒತ್ತಿದ. ಗಾಲಿಗಳು ಹಲಗೆ ಬಿಟ್ಟು ನಾಲ್ಕು ಬೆರಳು ಎದ್ದ ಕೂಡಲೇ ನಿಲ್ಲಿಸಿದ. ಇದು ಅವನ ಕಟ್ಟಳೆ. ನಾಲ್ಕು ಬೆರಳು ಎತ್ತುವುದು, ಬಲಗೈಯನ್ನು ಗಾಲಿಯ ಕೆಳಗೆ ಅಡ್ಡ ಹಿಡಿದು ಅಳೆಯುವುದು, ಕಾರಿನ ಮೂತಿ ಬಾಲಗಳನ್ನು ಒತ್ತಿ ಅಲುಗಿಸುವುದು. ಆಮೇಲೆ ಒಂದು ಸುತ್ತು ಬಂದು, ನಾಲ್ಕು ಕಡೆ ಕುಕ್ಕರುಗಾಲಲ್ಲಿ ಕೂತು, ತೋಳಿನ ತುದಿಯ ರಬ್ಬರ್ ಇಟ್ಟಲ್ಲೇ ಇದೆಯೋ ಎಂದು ಮುಟ್ಟಿ ನೋಡುವುದು. ಸುತ್ತು ಮುಗಿಯದೆ ಮತ್ತೆ ಗುಂಡಿ ಮುಟ್ಟುತ್ತಿರಲಿಲ್ಲ. ಆ ಹೊತ್ತಿನಲ್ಲಿ ಯಾರೂ ಮಾತಾಡಬಾರದು. ಫೋನ್ ಬಂದರೂ ಎತ್ತುವುದಿಲ್ಲ. ರಹೀಮ್ ಚಾಚಾ ನನ್ನ ಕಿವಿಯ ಹತ್ತಿರ, "ನಿಮ್ ಕಾಕಾ ಗುಡಿಗೆ ಹೋಗಲ್ಲ ಅಂತ ನಿಮ್ ಕಾಕು ಬೈತಾಳಲ್ಲ, ಇಲ್ ಬಂದು ನೋಡು ಅನ್ನು. ದಿನಾ ಪ್ರದಕ್ಷಿಣಿ ಹಾಕ್ತಾನ," ಎಂದರು. ಕಾಕಾ ಅಲ್ಲಿಂದಲೇ ಕಣ್ಣು ಬಿಟ್ಟ. ಇಬ್ಬರೂ ಬಾಯಿ ಮುಚ್ಚಿಕೊಂಡೆವು.

ಕಾರು ಮೇಲೆ ಹೋಯಿತು. ತನ್ನ ಹೊಟ್ಟೆಯನ್ನು ಯಾರಿಗೂ ತೋರಿಸದ ವಸ್ತುವೊಂದು ತಲೆಯ ಮೇಲೆ ನಿಂತಾಗ, ನೋಡಬಾರದ್ದನ್ನು ನೋಡಿದಂತೆ ನನಗೆ ಸಂಕೋಚವಾಯಿತು.

ಕಲಬುರಗಿ ಕೋಟೆಯ ಬುರುಜಿನ ಮೇಲೆ ಉದ್ದನೆಯ ತೋಪು ಇದೆಯಲ್ಲ, ಅದನ್ನು ಅಲ್ಲಿಗೆ ಹೇಗೆ ಏರಿಸಿದರು ಎಂದು ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಾರೆ. ಆನೆ, ಹಗ್ಗ, ಮಣ್ಣಿನ ಇಳಿಜಾರು ಎಂದು ನಾನು ಏನೋ ಹೇಳುತ್ತೇನೆ. ಖಚಿತವಾಗಿ ನನಗೂ ತಿಳಿಯದು. ಮೊದಲು ನನಗೆ ಆ ಭಾರದ ಬಗ್ಗೆ ಸೋಜಿಗವಿತ್ತು. ಈಗ ಅಲ್ಲಿ ನಿಂತರೆ ಬೇರೆಯೇ ಯೋಚನೆ ಬರುತ್ತದೆ. ಎತ್ತಿಸಿದವನ ಹೆಸರು ಎಲ್ಲಾದರೂ ಸಿಕ್ಕೀತು. ಎತ್ತುವಾಗ ಕೈ ಕೊಟ್ಟವರಲ್ಲಿ ಎಷ್ಟು ಜನರ ಕೈ ಮರಳಿ ಬಂತು ಎಂದು ಯಾವ ಶಾಸನ ಹೇಳೀತು?

ಮರುದಿನ ಬೆಳಿಗ್ಗೆ ನಾನು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿದ್ದೆ. ಬಟ್ಟೆ ಅಂಗಡಿಯಿಂದ ಹೊರಬಂದು ನೋಡಿದರೆ ಸ್ಕೂಟಿ ಚಾಲೂ ಆಗಲೊಲ್ಲದು. ಹಿಂದೆ ಆಟೋದವರು ಹಾರ್ನ್ ಹೊಡೆದೇ ಹೊಡೆಯುತ್ತಿದ್ದರು. ಕಾಕಾನಿಗೆ ಫೋನ್ ಮಾಡಿದೆ. ಮೊದಲ ಸಲ ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಿದ.

"ಕಾಕಾ, ಸ್ಕೂಟಿ ಚಾಲೂನ ಆಗವಲ್ದು."

"ಬ್ರೇಕ್ ಹಿಡದೀಯೇನು?"

"ಹಿಡದೀನಿ."

"ಪೆಟ್ರೋಲ್?"

"ನಿನ್ನೀನ ಹಾಕ್ಸೀನಿ."

"ಸ್ಟ್ಯಾಂಡ್ ತಗದೀಯೇನವ್ವಾ?"

ಕೆಳಗೆ ನೋಡಿದೆ. ತೆಗೆದಿರಲಿಲ್ಲ. ಸ್ಟ್ಯಾಂಡ್ ಇಳಿದಿದ್ದರೆ ಅದು ಚಾಲೂ ಆಗುವುದಿಲ್ಲವೆಂದು ಅವನು ನನಗೆ ಅದಾಗಲೇ ಎರಡು ಸಲ ಹೇಳಿದ್ದ.

"ಎಂ.ಎ. ಮಾಡೀದಿ, ಸ್ಟ್ಯಾಂಡ್ ತಗೀಲಾಕ ಬರವಲ್ದು," ಎಂದು ನಕ್ಕ. ನಾನೂ ನಕ್ಕೆ. ಆಟೋದವನು ನಗಲಿಲ್ಲ.

ಆ ನಗು ನನಗೆ ಚೆನ್ನಾಗಿ ನೆನಪಿದೆ. ಹಾಗಾಗಿಯೇ ಅದರ ಮೇಲೆ ನಂಬಿಕೆ ಕಡಿಮೆ. ಆಮೇಲಿನ ದಿನಗಳಲ್ಲಿ ಅದನ್ನು ಎಷ್ಟು ಸಲ ತಿರುವಿ ಕೇಳಿದ್ದೇನೆಂದರೆ, ಅದರಲ್ಲಿ ನಾನೇ ಎಷ್ಟು ಸೇರಿಸಿದ್ದೇನೋ ಹೇಳಲಾರೆ.

ಮಧ್ಯಾಹ್ನದ ಹೊತ್ತಿಗೆ ಕಾಕಾ ಆಸ್ಪತ್ರೆಯಲ್ಲಿದ್ದ. ಹಿಂದಿನ ಸಂಜೆ ಇಳಿಸಿದ್ದ ಕಾರನ್ನು ಆ ದಿನ ಎರಡನೆಯ ಸಲ ಎತ್ತಿದ್ದರು. ಎದೆಯೆತ್ತರಕ್ಕೆ ಹೋದಾಗ ಹಿಂದಿನ ಒಂದು ತೋಳು ಪ್ಲಾಸ್ಟಿಕ್ಕಿನ ಅಂಚಿಗೆ ಜಾರಿ, ಕಾರು ವಾಲಿತು. ಗಾಡಿ ಬಿದ್ದರೆ ಬೀಳಲಿ, ಹಿಡಿಯಲು ಹೋಗಬೇಡಿ, ಓಡಿರಿ ಎಂದು ಎಲ್ಲರಿಗೂ ಹೇಳುತ್ತಿದ್ದವನು ತಾನು ಓಡಲಿಲ್ಲ, ಕೈ ಕೊಟ್ಟ. ಪರರ ಗಾಡಿ, ನಮ್ಮೂರಿನವರು ಹೆಸರು ಹೇಳಿ ಕಳಿಸಿದ ಗಾಡಿ. ಕಾರು ಪೂರ್ತಿ ಬೀಳಲಿಲ್ಲ. ತೋಳಿಗೂ ಕಾರಿಗೂ ನಡುವೆ ಅವನ ಬಲಗೈ ಇತ್ತು.

ಕಾಕಾನಿಗೆ ಒಂದು ಚಾಳಿ. ಫೋನಿನಲ್ಲಿ ಮಾತಾಡುವಾಗ ನಿಂತಲ್ಲಿ ನಿಲ್ಲುವವನಲ್ಲ, ನಡೆಯುತ್ತಲೇ ಇರುತ್ತಾನೆ. ಮನೆಯಲ್ಲಾದರೆ ಊಟದ ಮೇಜಿನ ಸುತ್ತ, ಗ್ಯಾರೇಜಿನಲ್ಲಾದರೆ ಎದುರಿಗಿದ್ದ ಗಾಡಿಯ ಸುತ್ತ. ಆಸ್ಪತ್ರೆಯ ಮಂಪರಿನಲ್ಲಿ ಅವನು, "ಸುತ್ತು ಹಾಕಿದ್ದೆ, ಖರೇನ ಹಾಕಿದ್ದೆ," ಎಂದು ಹಲುಬುತ್ತಿದ್ದನಂತೆ. ಕಾಕು ನನಗೆ ಅದನ್ನು ಹೇಳಿ, ಹೇಳಿದ ಕೂಡಲೇ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳಿಗೂ ನನಗೆ ಹೊಳೆದದ್ದೇ ಹೊಳೆದಿರಬೇಕು. ನಾಲ್ಕು ಬೆರಳು ಎತ್ತಿ ನಿಲ್ಲಿಸಿದ್ದಾಗ ನನ್ನ ಫೋನ್ ಬಂತು. ಮಾತಾಡುತ್ತ ಅವನು ಕಾರಿನ ಸುತ್ತ ನಡೆದ. ಕಾಲೇನೋ ಸುತ್ತು ಹಾಕಿತು, ಕಣ್ಣು ನನ್ನ ಸ್ಕೂಟಿಯ ಹತ್ತಿರ ಇತ್ತು. ಫೋನ್ ಇಟ್ಟ ಮೇಲೆ, ಸುತ್ತು ಆಯಿತು ಎಂದುಕೊಂಡು ಗುಂಡಿ ಒತ್ತಿದ. ಇದು ನನ್ನ ಊಹೆ. ನೋಡಿದವಳಲ್ಲ.

ರಹೀಮ್ ಚಾಚಾ ಒಪ್ಪುವುದಿಲ್ಲ. "ನಿನ್ ಫೋನ್ ಬಂದಾಗ ಗಾಡಿ ಇನ್ನಾ ಹಲಗಿ ಮ್ಯಾಲೇ ಇತ್ತು ಬೇಟಿ. ಬಾದ್ ಮೇ, ಆಮ್ಯಾಲ ಎತ್ತಿದ್ದು. ಸುತ್ತೂ ಬರೋಬರ್ ಹಾಕ್ಯಾನ. ರಬ್ಬರ್ ಹಳೇದು, ಜಾರ್ತು. ಖಲಾಸ್," ಎನ್ನುತ್ತಾರೆ. ಆ ಹೊತ್ತಿನಲ್ಲಿ ಅವರು ಎದುರಿನ ಹೋಟೆಲಿಗೆ ಚಹಾ ಹೇಳಲು ಹೋಗಿದ್ದರು ಎಂದು ಕಾಕು ಹೇಳುತ್ತಾಳೆ. ನನ್ನ ಫೋನಿನಲ್ಲಿ ಕರೆಯ ವೇಳೆ ಇದೆ, ನಿಮಿಷವೂ ಇದೆ. ಆದರೆ ಗ್ಯಾರೇಜಿನಲ್ಲಿ ಗಡಿಯಾರ ನೋಡಿ ಕಾರು ಎತ್ತಿದವರು ಯಾರೂ ಇಲ್ಲ. ಒಂದು ಆಕರ ಮಂಪರಿನದು, ಇನ್ನೊಂದು ಪ್ರೀತಿಯದು. ಎರಡನ್ನೂ ನೆಚ್ಚಬೇಡ ಎನ್ನುತ್ತದೆ ನಾನು ಓದಿದ ಶಾಸ್ತ್ರ. ಯಾವುದನ್ನು ನೆಚ್ಚಬೇಕು ಎಂದು ಮಾತ್ರ ಅದು ಹೇಳುವುದಿಲ್ಲ.

ಗ್ಯಾರೇಜ್ ಈಗ ಬೇರೆಯವರದು. ಕಾಕಾ, ಕಾಕು ಕಮಲಾಪುರಕ್ಕೆ ಹೋದರು. ಬಸ್ ನಿಲ್ದಾಣದ ಹತ್ತಿರ ಟೈರಿನ ಅಂಗಡಿಯೊಂದರಲ್ಲಿ ಕಾಕಾ ಗಾಳಿ ತುಂಬಲು ಕೂರುತ್ತಾನೆ. ಮನೆಯಲ್ಲಿ ಕೂತರೆ ಕೈ ನೋಡಿಕೊಳ್ಳುತ್ತ ಕೂರುತ್ತಾನೆ ಎಂದು ಕಾಕುವೇ ಕಳಿಸಿದ್ದು. ಕೆಂಪು ಬಾಳೆಹಣ್ಣು ಅವನಿಗೆ ಈಗ ಇಷ್ಟ. ಹಲ್ಲಿನಿಂದ ತೊಟ್ಟು ಮುರಿದು, ಎಡಗೈ ಒಂದರಿಂದಲೇ ಸುಲಿದು ತಿನ್ನಬಹುದು, ಯಾರ ಹಂಗೂ ಇಲ್ಲ.

ಹೋದ ಭಾನುವಾರ ಅವನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. "ಎದ್ದಿತ್ತು" ಎಂದರೆ ತಡೆದುಕೊಳ್ಳಲಾರೆ, "ಹಲಗಿ ಮ್ಯಾಲಿತ್ತು" ಎಂದರೆ ನನಗಾಗಿ ಹೇಳಿದನೆಂದು ನಂಬಲಾರೆ; ಹಾಗಿದ್ದ ಮೇಲೆ ಏಕೆ ಕೇಳಬೇಕು ಎಂದು ಬಸ್ಸಿನ ದಾರಿಯುದ್ದಕ್ಕೂ ನನಗೆ ನಾನೇ ಬುದ್ಧಿ ಹೇಳಿಕೊಂಡು ಬಂದಿದ್ದೆ. ಆದರೂ ಕೇಳಿದೆ.

"ಕಾಕಾ, ಅವತ್ತ ನನ್ ಫೋನ್ ಬಂದಾಗ ಗಾಡಿ ಹಲಗಿ ಮ್ಯಾಲಿತ್ತೊ, ಎದ್ದಿತ್ತೊ?"

ಅವನು ನನ್ನ ಮುಖ ನೋಡಿದ. ಸಿಟ್ಟೇನೂ ಇರಲಿಲ್ಲ. ಬಾಯಿ ತೆರೆದಂತೆಯೂ ನನಗೆ ಅನಿಸಿತು, ಆದರೆ ಇಂಥ ಕಡೆ ನನ್ನ ಕಣ್ಣನ್ನು ನಾನು ನಂಬುವುದಿಲ್ಲ. ಅಷ್ಟರಲ್ಲಿ ಒಂದು ಬೈಕ್ ಬಂದು ನಿಂತಿತು. ಎದ್ದು ಎಡಗೈಯಲ್ಲಿ ಪೈಪು ಹಿಡಿದು, "ಹಿಂದಿಂದಕ್ಕ ಎಷ್ಟು ಹಾಕ್ಲಿರಿ?" ಎಂದ. ಅದರ ಹಿಂದೆ ಇನ್ನೊಂದು ಬಂತು. ಸಂಜೆ ಬಸ್ಸು ಹತ್ತಿಸಲು ಬಂದವನು, ಊಟ ಹೊತ್ತಿಗೆ ಸರಿಯಾಗಿ ಮಾಡು ಎಂದ, ಕಿಟಕಿ ಪಕ್ಕ ಕೂಡು ಎಂದ, ಮುಟ್ಟಿದ ಮೇಲೆ ಫೋನ್ ಮಾಡು ಎಂದ.

ಒಬ್ಬನೇ ಉತ್ತರ ಬಲ್ಲ ಪ್ರಶ್ನೆಯನ್ನು ಎರಡು ಸಲ ಕೇಳಬಾರದು ಎಂದು ಬಸ್ಸಿನಲ್ಲಿ ನಾನೇ ಒಂದು ನಿಯಮ ಮಾಡಿಕೊಂಡೆ. ಕಲಬುರಗಿ ಮುಟ್ಟಿ ಫೋನ್ ಮಾಡಿದೆ. ಕಾಕಾ ಎತ್ತಿದ. ನಾನು ಬಂದು ಮುಟ್ಟಿದೆ ಎಂದಷ್ಟೇ ಹೇಳಿದೆ. ಆ ಕಡೆ ಅವನು ಸುತ್ತು ಹಾಕುತ್ತಿರುವ ಚಪ್ಪಲಿಯ ಸಪ್ಪಳ ಕೇಳಿಸುತ್ತಿತ್ತು.