ಕೂಡಿಸಿ ನೋಡುವ ಮಿಸ್ ವರ್ನೆಟ್

ಬೆಳಗಿನ ಆರೂವರೆ. ಹಿಕರಿ ಹಳ್ಳದ ಮೊಣಕಾಲುದ್ದ ನೀರಿನಲ್ಲಿ ಅರವತ್ತೊಂದರ ವರ್ನೆಟ್ ಪ್ರುಯಿಟ್ ಬಗ್ಗಿ ನಿಂತಿದ್ದಾರೆ. ರಸ್ತೆ ಬಂದರೆ ಹಳ್ಳಕ್ಕೆ ಏನಾಗುತ್ತದೆ ಎಂದು ನೋಡಿ ವರದಿ ಬರೆಯುವುದು ಅವರ ಕೆಲಸ. ಕೈಯಲ್ಲಿ ತಳಕ್ಕೆ ಗಾಜು ಕೂರಿಸಿದ ಬಕೆಟ್. ಅದರೊಳಗೆ ಮುಖ ಹುದುಗಿಸಿ ಹುಡುಕುತ್ತಿರುವುದು ಕಪ್ಪೆಚಿಪ್ಪಿನ ಮರಿಗಳನ್ನು. ವಯಸ್ಸಾದ ಚಿಪ್ಪುಗಳು ಬೇಕಾದಷ್ಟಿವೆ. ಮರಿ ಸಿಕ್ಕರೆ ಮಾತ್ರ ಅವುಗಳ ಸಂತಾನ ಇನ್ನೂ ಬೆಳೆಯುತ್ತಿದೆ, ಹಳ್ಳದಲ್ಲಿ ಜೀವ ಇದೆ ಎಂದರ್ಥ. ಸಿಗದಿದ್ದರೆ ಹೊಸ ಹೆದ್ದಾರಿಯ ಎಕ್ಸಿಟ್, ಅಂದರೆ ಕಾರುಗಳು ಹೆದ್ದಾರಿಯಿಂದ ಇಳಿಯುವ ದಾರಿ, ಇಲ್ಲೇ ಬರುತ್ತದೆ. ವರದಿ ಕೊಡಲು ಇವತ್ತೇ ಕೊನೆಯ ದಿನ.

ದಡದಲ್ಲಿ ನನ್ನ ಪಕ್ಕ ನಿಂತು ರಸ್ತೆ ಎಂಜಿನಿಯರ್ ಲಮಾರ್ ಯೌಂಟ್ ಕಾಫಿ ಹೀರುತ್ತಿದ್ದಾರೆ. ಅವರ ಜೀಪಿನಲ್ಲಿ ಎರಡು ನಕ್ಷೆಗಳಿವೆ, ಯಾವುದಕ್ಕೂ ಇನ್ನೂ ಸಹಿ ಬಿದ್ದಿಲ್ಲ.

"ಮಿಸ್ ವರ್ನೆಟ್, ನನ್ನ ರಸ್ತೆಗೆ ಬೇಕಾಗಿರೋದು ಅರ್ಧ ಎಕರೆ ಕಾಡು ಅಷ್ಟೇ. ಅದಕ್ಕೆ ಇಷ್ಟೊಂದು ರಗಳೆ ಯಾಕೆ ಹೇಳಿ?"

"ನಿನ್ನ ರಸ್ತೆ ಪಾಪ ಸಾಧುನೇ ಕಣಪ್ಪಾ. ಅದರ ಬೆನ್ನಿಗೆ ನೆಂಟರು ಬರ್ತಾರಲ್ಲ, ಅವರ ಲೆಕ್ಕ ನಂದು."

ನೆಂಟರೆಂದರೆ ಮೊದಲು ಪೆಟ್ರೋಲ್ ಬಂಕ್, ಆಮೇಲೆ ಅಂಗಡಿ ಸಾಲು, ಆಮೇಲೆ ಬಡಾವಣೆ. ಇಪ್ಪತ್ತು ವರ್ಷದಲ್ಲಿ ಒಂಬೈನೂರು ಮನೆ ಎಂಬುದು ವರ್ನೆಟ್ ಅಂದಾಜು. ಕಾದ ಡಾಂಬರಿನ ಮೇಲೆ ಬಿದ್ದ ಮಳೆಯೆಲ್ಲ ಬಿಸಿಯಾಗಿ, ಕೊಳೆ ಹೊತ್ತು ಹರಿಯುವುದು ಇದೇ ಹಳ್ಳಕ್ಕೆ. ಈ ಅಂದಾಜು ಶುರುವಾಗುವುದು ಕಂಪ್ಯೂಟರಿನಲ್ಲಲ್ಲ, ನಮ್ಮೂರ ಅಗ್ನಿಶಾಮಕ ಠಾಣೆಯಲ್ಲಿ ಊರವರೆಲ್ಲ ಸೇರುವ ಶನಿವಾರದ ಪ್ಯಾನ್‌ಕೇಕ್ ತಿಂಡಿಯಲ್ಲಿ. ಯಾರು ಹೊಲ ಮಾರುತ್ತಿದ್ದಾರೆ, ಯಾರು ಒಳಚರಂಡಿ ಕೊಳವೆಗೆ ಅರ್ಜಿ ಹಾಕಿದ್ದಾರೆ ಎಂಬುದೆಲ್ಲ ಅಲ್ಲಿ ತಾನಾಗಿ ಹೊರಬೀಳುತ್ತದೆ. ಕೊಳವೆ ಹೋದ ಕಡೆ ಮನೆ ಏಳುವುದು ಖಂಡಿತ. ಮೇವಿನ ಅಂಗಡಿಯ ಓಥಾ ಗ್ಯಾಡಿ ರೇಗಿಸುತ್ತಾರೆ: "ಇವಳ ಪಕ್ಕ ಕೂತ್ರೆ ಬಾಯಿ ತುಂಬ ಪ್ಯಾನ್‌ಕೇಕ್ ಇಟ್ಕೊಂಡಿರಿ. ಬಾಯಿ ಖಾಲಿ ಇತ್ತೋ, ಎಲ್ಲಾ ಕಕ್ಕಿಸಿಬಿಡ್ತಾಳೆ."

ಈ ಹಟದ ಹಿಂದೆ ಹಳೆಯ ನೋವೊಂದಿದೆ. ಹದಿನಾಲ್ಕು ವರ್ಷದ ಹಿಂದೆ ಪಕ್ಕದ ಕೌಂಟಿಯ ಹಳ್ಳವೊಂದರ ಮೇಲೆ ಬೇರೆ ಬೇರೆ ರಸ್ತೆಗಳಿಗಾಗಿ ಒಂದರ ಹಿಂದೊಂದು ಹನ್ನೊಂದು ಮೋರಿಗಳು ಬಂದವು.

"ಪ್ರತಿ ಸಲ ಹೋಗಿ ನೋಡಿ 'ಪರಿಣಾಮ ನಗಣ್ಯ' ಅಂತ ಬರ್ದೋಳು ನಾನೇ. ಒಂದೊಂದಾಗಿ ನೋಡಿದ್ರೆ ಅದು ಸರಿನೇ. ಹನ್ನೊಂದನ್ನೂ ಕೂಡಿಸಿ ನೋಡ್ಲಿಲ್ಲ. ಅಲ್ಲೀಗ ಬರೀ ಖಾಲಿ ಚಿಪ್ಪು." ಹೇಳುವಾಗ ದನಿ ತಗ್ಗುತ್ತದೆ. ಅಂದಿನಿಂದ ಎಲ್ಲಿ ಹೋದರೂ ಆ ಹಳ್ಳದ ಚಿಪ್ಪೊಂದು ಅವರ ಜೇಬಿನಲ್ಲಿರುತ್ತದೆ.

ಏಳೂಕಾಲಿಗೆ ಬಕೆಟ್ಟಿನೊಳಗಿಂದ ನಗು ಕೇಳಿಸುತ್ತದೆ. ಅಂಗೈ ಮೇಲೆ ಕಿರುಬೆರಳ ಉಗುರಿನಷ್ಟು ಚಿಪ್ಪು, ಬಾಯಿ ಬಿಗಿಯಾಗಿ ಮುಚ್ಚಿಕೊಂಡಿದೆ. ಪಕ್ಕದಲ್ಲೇ ಇನ್ನೊಂದು, ಮತ್ತೊಂದು. ಎಂಟು ಗಂಟೆಗೆ ಲೆಕ್ಕ ಇಪ್ಪತ್ತಾರು. ಅಷ್ಟರಲ್ಲಿ ಲಮಾರ್ ಷೂ ಸಮೇತ ನೀರಿಗಿಳಿದಿದ್ದಾರೆ.

"ಆಯ್ತು ಬಿಡಿ, ಸೋತೆ. ಎರಡನೇ ನಕ್ಷೆಗೇ ಸಹಿ ಹಾಕ್ತೀನಿ. ಎಕ್ಸಿಟ್ ಎರಡು ಮೈಲಿ ಮುಂದಕ್ಕೆ ಹೋಗ್ಲಿ, ಹೇಗೂ ಅಂಗಡಿಗಳು ಇರೋ ಕಡೆಗೆ," ಎನ್ನುವಾಗ ಅವರಿಗೂ ನಗು. ನನಗಂತೂ ಕುಣಿಯುವಷ್ಟು ಖುಷಿ; ನಾನು ಈಜು ಕಲಿತದ್ದು ಈ ಹಳ್ಳದಲ್ಲೇ.

ವರ್ನೆಟ್ ಮರಿಗಳನ್ನು ಒಂದೊಂದಾಗಿ ಅದೇ ಮರಳಿಗೆ ಊರುತ್ತಾರೆ. ಹೆದ್ದಾರಿ ಉದ್ಘಾಟನೆಗೆ ನಿಮ್ಮನ್ನು ಕರೆಯುತ್ತಾರಾ ಎಂದು ಕೇಳುತ್ತೇನೆ.

"ನನ್ನನ್ಯಾಕೆ ಕರೀತಾರೆ? ನಂಗೊಂದೇ ಆಸೆ. ರಸ್ತೆ ಆದ್ಮೇಲೆ ಯಾರಾದ್ರೂ ಕಾರಲ್ಲಿ ಹೋಗ್ತಾ, 'ಇಲ್ಲಿ ಇಳಿಯೋಕೆ ಬಿಡದೆ ಎರಡು ಮೈಲಿ ಸುತ್ತಿಸಿದ ಪುಣ್ಯಾತ್ಮ ಯಾರಪ್ಪಾ' ಅಂತ ಬೈಬೇಕು. ಹಿಂದಿನ ಸೀಟಲ್ಲಿ ಕೂತು ನಾನದನ್ನ ಕೇಳಿಸ್ಕೋಬೇಕು."