ಪರಂತು ಗಿರಂತು

ನಾಗರಬಾವಿಯ ಕಾನೂನು ಕಾಲೇಜಿನ ಹಿಂದಿನ ರಸ್ತೆಯಲ್ಲಿ, ಹಳದಿ ಬೋರ್ಡಿನ ಜೆರಾಕ್ಸ್ ಅಂಗಡಿಯೊಳಗೆ, ಚೇತನಾ ಹದಿನಾರು ವರ್ಷಗಳಿಂದ ಬೇರೆಯವರ ವಾಕ್ಯಗಳನ್ನು ಟೈಪು ಮಾಡುತ್ತಿದ್ದಾಳೆ. ಓದಿದ್ದು ಪಿಯುಸಿ. ಆದರೆ ವಿದ್ಯಾರ್ಥಿಗಳ ಪ್ರಾಜೆಕ್ಟುಗಳನ್ನು ಬಡಿದು ಬಡಿದು ಕಾನೂನಿನ ಮೈಕಟ್ಟು ಅವಳ ಬೆರಳಿಗೆ ಹತ್ತಿಬಿಟ್ಟಿದೆ. ಮೊದಲು ಹೆಸರು. ಆಮೇಲೆ ಪರಿಭಾಷೆ, ಅಂದರೆ ಯಾವ ಪದಕ್ಕೆ ಯಾವ ಅರ್ಥ ಎಂಬ ನಿಗದಿ. ನಂತರ ಕಲಮುಗಳು, ಕಟ್ಟಕಡೆಗೆ ಅನುಸೂಚಿಯ ಪಟ್ಟಿ. ‘ಬಹುದು’ ಎಂದಿದ್ದರೆ ಬಿಟ್ಟರೂ ನಡೆಯುತ್ತದೆ. ‘ತಕ್ಕದ್ದು’ ಎಂದಿದ್ದರೆ ತಪ್ಪಿಸಿಕೊಳ್ಳುವಂತಿಲ್ಲ. ಇವೆಲ್ಲದರ ನಡುವೆ ಅವಳಿಗೆ ಇಷ್ಟದ ಪದವೊಂದಿದೆ: ಪರಂತು. ಕಟ್ಟಿದ ಗೋಡೆಯಲ್ಲಿ ಒಬ್ಬರು ದಾಟುವಷ್ಟು ಬಾಗಿಲು ಬಿಡುವ ಪದ.

ಆ ಬಾಗಿಲನ್ನು ಅವಳು ಒಮ್ಮೆ ಬೇಡಿದ್ದಳು.

ಹನ್ನೊಂದು ವರ್ಷದ ಹಿಂದೆ, ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷ ಉಗ್ರಪ್ಪ ಸಂಘದ ನಿಯಮಗಳನ್ನು ಟೈಪು ಮಾಡಿಸಲು ಬಂದಿದ್ದರು. ‘ಸಮುದಾಯ ಭವನದ ಕಾಂಪೌಂಡಿನೊಳಗೆ ಯಾರೂ ವ್ಯಾಪಾರ ಮಾಡತಕ್ಕದ್ದಲ್ಲ’ ಎಂಬಲ್ಲಿ ಅವಳ ಕೈ ನಿಂತಿತು. ಭವನ ಏಳುವ ಮೊದಲಿನಿಂದಲೂ ಅಲ್ಲಿನ ಹೊಂಗೆಮರದ ಕೆಳಗೆ ಹೂವು ಮಾರುತ್ತಿದ್ದವಳು ಅವಳ ತಾಯಿ ಲಿಂಗಮ್ಮ.

“ಸಾರ್, ಮೊದ್ಲಿಂದ ಇರೋರಿಗೆ ಒಂದು ಪರಂತು ಹಾಕ್ಬಹುದಲ್ವಾ?”

“ನಿನ್ ಕೆಲ್ಸ ಟೈಪ್ ಮಾಡೋದು ಕಣಮ್ಮಾ. ಮಾಡು.”

ಮಾಡಿದಳು. ಮೂರನೇ ವಾರ ಲಿಂಗಮ್ಮನ ಹೂಬುಟ್ಟಿ, ಮರದ ಸ್ಟೂಲು ಫುಟ್‌ಪಾತಿನಲ್ಲಿ ಬಿದ್ದಿದ್ದವು. ತನ್ನನ್ನು ಎಬ್ಬಿಸಿದ ವಾಕ್ಯ ಮಗಳ ಬೆರಳಿನಿಂದಲೇ ಬಂದದ್ದೆಂದು ತಾಯಿಗೆ ಇಂದಿಗೂ ಗೊತ್ತಿಲ್ಲ. ಲಗ್ಗೆರೆಯ ಮನೆಯಲ್ಲಿ ಕೂತು, ಕೊಳ್ಳುವವರಿಲ್ಲದ ಹೂವನ್ನು ಇಂದಿಗೂ ಮೊಳ ಹಾಕಿ ಅಳೆಯುತ್ತಾಳೆ. ಸ್ಟೂಲನ್ನು ಚೇತನಾ ಅಂಗಡಿಗೆ ತಂದಿಟ್ಟುಕೊಂಡಳು. ಸಿಟ್ಟನ್ನು ಕೂಗಾಡಿ ಕಳೆಯಲಿಲ್ಲ, ಕಾದಳು.

ಹೋದ ವರ್ಷ ಉಗ್ರಪ್ಪ ಮನೆಯನ್ನು ಮಗ ರಾಜೇಂದ್ರನಿಗೆ ಬರೆದುಕೊಟ್ಟರು. ಆ ದಾನಪತ್ರವನ್ನೂ ಟೈಪು ಮಾಡಿದ್ದು ಅವಳೇ. ಖಾತೆಯೂ ಮಗನ ಹೆಸರಿಗಾಯಿತು. ಈ ವರ್ಷ ಬಾಡಿಗೆದಾರರು ಸಂಘದಲ್ಲಿ ತಮಗೂ ಓಟು ಬೇಕೆಂದು ಕೇಳಿದ್ದೇ ತಡ, ಹೊಸ ನಿಯಮ ಬರೆಸಲು ಉಗ್ರಪ್ಪ ಓಡಿಬಂದರು.

“ಬರ್ಕೋ. ‘ಸದಸ್ಯ’ ಅಂದ್ರೆ ಅನುಸೂಚೀಲಿ ಹೆಸರಿರೋ ಖಾತೆದಾರ ಮಾತ್ರ. ಸದಸ್ಯರಲ್ಲದೋರು ಚುನಾವಣೆಗೆ ನಿಲ್ಲತಕ್ಕದ್ದಲ್ಲ.”

ಚೇತನಾ ಟೈಪು ಮಾಡಿಕೊಂಡಳು. ಸುಮ್ಮನಿರಬಹುದಿತ್ತು. ಆದರೂ ಅಂದು ಕೇಳಿದಂತೆಯೇ ಕೇಳಿದಳು: “ಸಾರ್, ಇದಕ್ಕೊಂದು ಪರಂತು ಬೇಕಾ?”

“ಪರಂತು ಗಿರಂತು ಏನೂ ಬೇಡ! ಒಂದು ಬಿಟ್ರೆ ಬಾಡಿಗೆಯೋರೆಲ್ಲ ಅದ್ರಲ್ಲೇ ನುಗ್ತಾರೆ.”

“ಅನುಸೂಚಿ ಒಂದ್ಸಲ ಓದಿ ಸಾರ್.”

“ಖಾತೆ ಲಿಸ್ಟ್ ತಾನೆ? ಸೆಕ್ರೆಟರಿ ಕೊಟ್ಟಿದ್ದು ಹಾಗೇ ಹಾಕು. ಅದನ್ನ್ಯಾರು ಓದ್ತಾರೆ?” ಎಂದವರೇ ಪುಟಪುಟಕ್ಕೂ ಸಹಿ ಹಾಕಿದರು.

ಅವಳು ಎರಡು ಸಲ ಬಾಗಿಲು ತೋರಿಸಿದ್ದಳು. ಮೂರನೇ ಸಲ ತೋರಿಸಲಿಲ್ಲ.

ಮಹಾಸಭೆ ಚಪ್ಪಾಳೆ ತಟ್ಟಿ ಒಪ್ಪಿತು. ನಾಮಪತ್ರದ ಕೊನೆಯ ದಿನ, ಚುನಾವಣೆಯಲ್ಲಿ ಉಗ್ರಪ್ಪನವರ ಎದುರು ನಿಂತಿದ್ದ ಮುನಿಯಣ್ಣ ನಿಯಮಗಳ ಕಡೆಯ ಹಾಳೆ ತೆರೆದು ಎಲ್ಲರಿಗೂ ಕೇಳುವಂತೆ ಓದಿದ: “ಮನೆ ನಂಬರ್ ನಲವತ್ತೆರಡು, ರಾಜೇಂದ್ರ. ಅಲ್ಲಾ ಉಗ್ರಪ್ಪನೋರೇ, ಹಾಗಾದ್ರೆ ನೀವ್ಯಾರು?”

ಮಧ್ಯಾಹ್ನ ನಾಲ್ಕಕ್ಕೆ ಉಗ್ರಪ್ಪ ಬೆವರು ಒರೆಸುತ್ತ ಅಂಗಡಿ ಮೆಟ್ಟಿಲು ಹತ್ತಿದರು.

“ಅಮ್ಮಾ, ಒಂದೇ ಒಂದು ಪರಂತು ಸೇರ್ಸು. ಹಾಲಿ ಅಧ್ಯಕ್ಷರಿಗೆ ಇದು ಅನ್ವಯಿಸಲ್ಲ ಅಂತ.”

“ತಿದ್ದುಪಡಿಗೆ ಸದಸ್ಯರ ಸಭೆ ಕರೀಬೇಕು ಸಾರ್. ಇಪ್ಪತ್ತೊಂದು ದಿನ ಮೊದ್ಲೇ ನೋಟಿಸು. ಹದಿನೆಂಟನೇ ಕಲಮು, ನೀವೇ ಬರೆಸಿದ್ದು.”

“ಐದು ಗಂಟೆಗೆ ನಾಮಪತ್ರದ ಟೈಮ್ ಮುಗ್ದೋಗತ್ತೆ ಕಣಮ್ಮಾ! ಆ ಒಂದು ಹಾಳೆ ಬದಲಾಯ್ಸಿ ಕೊಡು, ಯಾರಿಗ್ ಗೊತ್ತಾಗತ್ತೆ?”

“ನನ್ ಕೆಲ್ಸ ಟೈಪ್ ಮಾಡೋದು ಸಾರ್.”

ಉಗ್ರಪ್ಪ ಮೊದಲ ಬಾರಿಗೆ ಅವಳ ಮುಖವನ್ನು ನೆಟ್ಟಗೆ ನೋಡಿದರು. “ನೀನು... ಆ ಹೂವಮ್ಮನ ಮಗಳಲ್ವಾ?”

“ಲಿಂಗಮ್ಮ ಅಂತ ಅವ್ರ ಹೆಸ್ರು,” ಎಂದಳು ಚೇತನಾ. ಮೂಲೆಯಲ್ಲಿದ್ದ ಮರದ ಸ್ಟೂಲನ್ನು ಎಳೆದು, ಧೂಳು ಒರೆಸಿ, ಗೋಡೆ ಗಡಿಯಾರ ನೇರ ಕಾಣುವಂತೆ ಇಟ್ಟಳು. “ಕೂತ್ಕೊಳ್ಳಿ ಸಾರ್. ಐದಾಗೋಕೆ ಇನ್ನೂ ಟೈಮಿದೆ.”